ಅಂಗೈ ಯಂತ್ರಕ್ಕೆ ಯಾವ ಕಾರ್ಡು?

ಬೆಂಗಳೂರಿನ ವೈಟ್‌ಫೀಲ್ಡ್ ದಾಟಿ ಹೊಸಕೋಟೆಯ ಕಡೆ ಹೊರಟರೆ ತಗಡಿನ ಚಾವಣಿಯ ದೊಡ್ಡ ದೊಡ್ಡ ಗೋಡೌನುಗಳು ಸಿಗುತ್ತವೆ. ಸಂಜೆ ಏಳರ ಹೊತ್ತಿಗೆ ಅಂಥದೊಂದರ ಒಳಗೆ ಹೊಕ್ಕು ನೋಡಿ. ಮೂರಾಳೆತ್ತರದ ರ‍್ಯಾಕುಗಳ ನಡುವಿನ ಓಣಿಯಲ್ಲಿ ಹುಡುಗನೊಬ್ಬ ಸೋಪಿನ ಪೆಟ್ಟಿಗೆಯ ಬಾರ್‌ಕೋಡಿಗೆ ಕೈಯಲ್ಲಿದ್ದ ಯಂತ್ರ ಹಿಡಿಯುತ್ತಾನೆ. ಕೆಂಪು ಗೆರೆ ಬೀಳುತ್ತದೆ. ಬೀಪ್ ಅನ್ನಬೇಕು, ಅನ್ನುವುದಿಲ್ಲ. ಪರದೆಯ ಮೇಲೆ ಪುಟ್ಟ ಚಕ್ರವೊಂದು ಸುತ್ತುತ್ತಲೇ ಇರುತ್ತದೆ. ಹುಡುಗ ಓಣಿಯ ತುದಿಗೆ ನಡೆದು, ದೇವರಿಗೆ ಮಂಗಳಾರತಿ ಎತ್ತಿದ ಹಾಗೆ ಯಂತ್ರವನ್ನು ತಲೆಯ ಮೇಲೆತ್ತಿ ಹಿಡಿಯುತ್ತಾನೆ. ಹಿಂದೆ ನಿಂತ ಇನ್ನೊಬ್ಬ, "ಅಲ್ಲಿ ಬರಲ್ಲ ಮಗಾ, ಕಂಬದ ಹತ್ರ ಬಾ" ಅನ್ನುತ್ತಾನೆ.

ಆ ಯಂತ್ರ ನೋಡಲು ಮೊಬೈಲ್ ಫೋನಿನ ದಪ್ಪನೆಯ ಅಣ್ಣನಂತಿದ್ದರೂ ಅದೊಂದು ಪೂರ್ಣ ಕಂಪ್ಯೂಟರು. ಬಿಎಂಟಿಸಿ ಕಂಡಕ್ಟರ್ ಕೈಯ ಟಿಕೆಟ್ ಯಂತ್ರ, ತಿಂಗಳಿಗೊಮ್ಮೆ ಗೇಟಿನ ಬಳಿ ನಿಂತು ಕರೆಂಟ್ ಬಿಲ್ಲು ಹರಿದುಕೊಡುವ ಮೀಟರ್ ರೀಡರ್ ಹೆಗಲಿನ ಯಂತ್ರ, ಹುಡುಗರು ಆಟಕ್ಕೆಂದು ಕೊಳ್ಳುವ ದುಬಾರಿ ಕೈಯಂತ್ರ ಎಲ್ಲವೂ ಒಂದೇ ಬಳಗದವು. ಇಂಥ ಯಂತ್ರವೊಂದು ತಂತಿಯಿಲ್ಲದೆ ಹೊರಗಿನೊಡನೆ ಮಾತಾಡಬೇಕಾದರೆ ಒಳಗೊಂದು ರೇಡಿಯೊ ಬೇಕು. ಆ ರೇಡಿಯೊಗೆ ವೈರ್‌ಲೆಸ್ ಕಾರ್ಡ್ ಎಂದು ಹೆಸರು. ಯಾವ ಕಾರ್ಡು ಕೊಳ್ಳಬೇಕು ಎಂದು ಕೇಳಿದರೆ ಬಹುಪಾಲು ಜನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ವೇಗವನ್ನು ಓದಿ ಹೇಳುತ್ತಾರೆ. ಅಂಗೈ ಯಂತ್ರದ ಮಟ್ಟಿಗೆ ಅದು ಕೊನೆಗೆ ಓದಬೇಕಾದ ಸಾಲು.

ಕಾರ್ಡಿನ ಹೊಟ್ಟೆಯಲ್ಲಿ

ಕಾರ್ಡಿನೊಳಗೆ ಕೆಲಸಗಾರರು ಇಬ್ಬರೇ. ಒಬ್ಬ ದುಭಾಷಿ. ಯಂತ್ರದ ಒಂದು–ಸೊನ್ನೆಗಳನ್ನು ಗಾಳಿಯಲ್ಲಿ ಹೋಗಬಲ್ಲ ಅಲೆಗಳಾಗಿ, ಬಂದ ಅಲೆಗಳನ್ನು ಮತ್ತೆ ಒಂದು–ಸೊನ್ನೆಗಳಾಗಿ ಮಾಡುತ್ತಾನೆ. ಇನ್ನೊಬ್ಬ ಕೂಗುವವನು. ಆ ಅಲೆಗಳಿಗೆ ಬಲ ತುಂಬಿ ಆಂಟೆನಾದಿಂದ ಹೊರಗೆ ಕಳಿಸುತ್ತಾನೆ.  ಇಬ್ಬರೂ ಬ್ಯಾಟರಿ ತಿನ್ನುತ್ತಾರೆ, ಕೂಗುವಾಗ ಹೆಚ್ಚು.

ಇಂದು ಫೋನುಗಳಲ್ಲಿ ಇದೆಲ್ಲ ಮುಖ್ಯ ಬೋರ್ಡಿಗೇ ಬೆಸೆದುಕೊಂಡು ಬರುವುದರಿಂದ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಇಪ್ಪತ್ತು–ಇಪ್ಪತ್ತೈದು ವರ್ಷದ ಹಿಂದೆ ಹಾಗಿರಲಿಲ್ಲ. ಯಂತ್ರ ಬೇರೆ, ಕಾರ್ಡು ಬೇರೆ. ಎರಡಕ್ಕೂ ಜಾತಕ ಕೂಡಿಸುವ ಕೆಲಸ ಕೊಂಡವನದು. ಆ ಕಾಲದಲ್ಲಿ ಬೆಂಗಳೂರು ತನ್ನದೇ ಒಂದು ಅಂಗೈ ಕಂಪ್ಯೂಟರನ್ನು ಮಾಡಿತ್ತು.

ಬೆಂಗಳೂರಿನ ಸಿಂಪ್ಯೂಟರ್

1998ರ ಅಕ್ಟೋಬರಿನಲ್ಲಿ ನಗರದಲ್ಲಿ ನಡೆದ ಮಾಹಿತಿ ತಂತ್ರಜ್ಞಾನದ ವಿಚಾರ ಸಂಕಿರಣವೊಂದು, ಬಡ ದೇಶಗಳ ಜನಕ್ಕೆ ಕಂಪ್ಯೂಟರ್ ಹೇಗೆ ತಲುಪಬೇಕು ಎಂಬ ಬಗ್ಗೆ ಘೋಷಣೆಯೊಂದನ್ನು ಹೊರಡಿಸಿತು. ಅದಾದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು ಕೂಡಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಸರಳ, ಅಗ್ಗ, ಬಹುಭಾಷೆ ಎಂಬ ಮೂರು ಗುಣಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿದ ಹೆಸರು ಅದು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ಜನರೆದುರು ಬಂತು. ಅಂದಾಜು ಬೆಲೆ 9,000 ರೂಪಾಯಿ.

ಒಳಗೆ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್ಪು, 206 ಮೆಗಾಹರ್ಟ್ಸ್. ಇದೇ ಚಿಪ್ಪು ಆಗಿನ ಶ್ರೀಮಂತರ ಜೇಬಿನ ಕಾಂಪ್ಯಾಕ್ ಐಪ್ಯಾಕ್‌ನಲ್ಲೂ ಇತ್ತು. ಎರಡರ ಮಿದುಳೂ ಒಂದೇ. ವ್ಯತ್ಯಾಸವಿದ್ದದ್ದು ಯಾರ ಕೈಗೆಂದು ಮಾಡಿದ್ದು ಎಂಬುದರಲ್ಲಿ. ಸಿಂಪ್ಯೂಟರಿನಲ್ಲಿ ಲಿನಕ್ಸ್ ಓಡುತ್ತಿತ್ತು. ಬರೆದದ್ದನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಓದಿ ಹೇಳಲು 'ಧ್ವನಿ' ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಬರೆದಿದ್ದರು. ಸ್ಮಾರ್ಟ್ ಕಾರ್ಡ್ ಸಿಕ್ಕಿಸುವ ಜಾಗವಿತ್ತು: ಊರಿಗೊಂದೇ ಯಂತ್ರ, ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಎಂಬುದು ಲೆಕ್ಕ. ಯಂತ್ರದ ವಿನ್ಯಾಸವನ್ನೂ ಗುಟ್ಟು ಮಾಡದೆ ಪರವಾನಗಿಯೊಂದರಡಿ ಬಿಟ್ಟುಕೊಟ್ಟಿದ್ದರು.

ಹೊರಗಿನೊಡನೆ ಮಾತಾಡಲು ಅದಕ್ಕೆ ಏನಿತ್ತು? ಟೆಲಿಫೋನ್ ತಂತಿ ಸಿಕ್ಕಿಸುವ ಮೋಡೆಮ್, ಪಕ್ಕದ ಯಂತ್ರಕ್ಕೆ ಮಾತ್ರ ಕೇಳಿಸುವ ಇನ್‌ಫ್ರಾರೆಡ್ ಕಣ್ಣು, ಒಂದು ಯುಎಸ್‌ಬಿ ಕಿಂಡಿ. ವೈ-ಫೈ ಇರಲಿಲ್ಲ.

ಇದನ್ನು ಕೊರತೆ ಎಂದು ಆಗ ಹೇಳಿದವರಿದ್ದರು, ಈಗಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 2001ರಲ್ಲಿ ಒಂದು ವೈ-ಫೈ ಕಾರ್ಡಿಗೆ ನೂರು ಡಾಲರ್ ಆಸುಪಾಸಿನ ಬೆಲೆ, ಅಂದರೆ ಹೆಚ್ಚು ಕಡಿಮೆ ಆ ಯಂತ್ರದ ಅರ್ಧ. ಅಷ್ಟು ಕೊಟ್ಟು ಹಾಕಿಸಿಕೊಂಡ ರೇಡಿಯೊ ಹಳ್ಳಿಯಲ್ಲಿ ಯಾರೊಡನೆ ಮಾತಾಡಬೇಕಿತ್ತು? ವೈ-ಫೈ ಹೆಚ್ಚೆಂದರೆ ನೂರು ಮೀಟರಿನ ಗಂಟಲು. ಆ ದೂರದಲ್ಲಿ ಕೇಳಿಸಿಕೊಳ್ಳುವ ಪೆಟ್ಟಿಗೆಯೊಂದು ಇರಬೇಕು, ಆ ಪೆಟ್ಟಿಗೆಗೆ ಇಂಟರ್ನೆಟ್ ಇರಬೇಕು. ಹಳ್ಳಿಯಲ್ಲಿ ಇದ್ದದ್ದು ಟೆಲಿಫೋನ್ ತಂತಿ, ಮೋಡೆಮ್ ಅದಕ್ಕೆ. ಮುಂದೆ ಕಾಲ ಬದಲಾದರೆ ಏನಾದರೂ ಸಿಕ್ಕಿಸಿಕೊಳ್ಳಲಿ ಎಂದು ಯುಎಸ್‌ಬಿ ಕಿಂಡಿ. ಕಾರ್ಡು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು: ಆ ಕಡೆ ಯಾರಿದ್ದಾರೆ?

2004ರಲ್ಲಿ ಪಿಕೋಪೆಟಾ ಕಂಪನಿಯ 'ಅಮಿಡ' ಸಿಂಪ್ಯೂಟರನ್ನು ಬಿಇಎಲ್ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ವಾಲಿಸಿದರೆ ಅರ್ಥಮಾಡಿಕೊಳ್ಳುವ ಸಂವೇದಕ ಅದರಲ್ಲಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ ಬಾಕಿ. ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೂ ಸಿಂಪ್ಯೂಟರ್ ಬಳಕೆಯಾಯಿತು. ಆದರೆ 50,000 ಮಾರುವ ಕನಸು ಕೆಲವೇ ಸಾವಿರಕ್ಕೆ ನಿಂತಿತು. ಮೊಬೈಲ್ ಫೋನು ಬಂದು ಅದರ ಜಾಗದಲ್ಲಿ ಕೂತಿತು.   

ಗಾಳಿಗೂ ಲೈಸೆನ್ಸು

ಸಿಂಪ್ಯೂಟರಿನ ಕಥೆಯಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಎಳೆ ಇದೆ. ನಮ್ಮ ದೇಶದಲ್ಲಿ ರೇಡಿಯೊ ಅಲೆ ಕಳಿಸುವ ಯಾವುದೇ ಯಂತ್ರ ಇಟ್ಟುಕೊಳ್ಳಲು 1933ರ ಕಾನೂನಿನ ಪ್ರಕಾರ ಲೈಸೆನ್ಸ್ ಬೇಕಿತ್ತು. ವೈ-ಫೈ ಓಡುವ 2.4 ಗಿಗಾಹರ್ಟ್ಸ್ ಪಟ್ಟಿ ಅಮೆರಿಕದಲ್ಲಿ ಯಾರು ಬೇಕಾದರೂ ಬಳಸಬಹುದಾದ ಗೋಮಾಳವಾಗಿದ್ದಾಗ, ಇಲ್ಲಿ ಅದಕ್ಕೆ ಬೇಲಿಯಿತ್ತು. 2002ರಲ್ಲಿ ಕಟ್ಟಡದೊಳಗಿನ ಕಡಿಮೆ ಶಕ್ತಿಯ ಬಳಕೆಗೆ ಬೇಲಿ ಸಡಿಲಾಯಿತು. ಹೊರಾಂಗಣದಲ್ಲೂ ಲೈಸೆನ್ಸಿಲ್ಲದೆ ಬಳಸಬಹುದೆಂಬ ಆದೇಶ ಹೊರಟದ್ದು 2005ರ ಜನವರಿಯಲ್ಲಿ.

ಅಂದರೆ ಹೊಲದ ಬದುವಿನ ಮೇಲೆ, ಅರಳಿಕಟ್ಟೆಯ ಕೆಳಗೆ ಕೂತು ಬಳಸಲೆಂದು ಮಾಡಿದ ಯಂತ್ರ ಮಾದರಿಯಾಗಿ ಬಂದ ವರ್ಷವೂ, ಅಂಗಡಿಗೆ ಬಂದ ವರ್ಷವೂ ಅರಳಿಕಟ್ಟೆಯ ಕೆಳಗಿನ ವೈ-ಫೈ ಲೈಸೆನ್ಸಿಲ್ಲದೆ ಸಲ್ಲುವಂಥದ್ದಾಗಿರಲಿಲ್ಲ. ಒಳ್ಳೆಯ ಕಾರ್ಡು ಆರಿಸಿದ್ದರೂ ಅದನ್ನು ಹಿಡಿದು ಕಟ್ಟಡದೊಳಗೆ ಕೂರಬೇಕಿತ್ತು.

ಈಗ ಆ ತಾಪತ್ರಯವಿಲ್ಲ. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗವನ್ನೂ ಮುಕ್ತ ಮಾಡಿದರು. ಆದರೆ ದೇಶದಿಂದ ದೇಶಕ್ಕೆ ನಿಯಮದ ವ್ಯತ್ಯಾಸ ಕಾರ್ಡಿನೊಳಗೇ ಬರೆದುಕೊಂಡು ಬರುತ್ತದೆ ಎಂಬುದು ನೆನಪಿರಲಿ. ವೈಟ್‌ಫೀಲ್ಡಿನ ಮನೆಗಳಲ್ಲಿ ಅಮೆರಿಕದಿಂದ ಬರುವ ಮಗನೋ ಸೋದರಳಿಯನೋ ತರುವ ಯಂತ್ರಗಳಿಗೆ ಬರವಿಲ್ಲ. ಅಲ್ಲಿನ ಹಳೆಯ ಕಾರ್ಡುಗಳು 2.4ರ ಪಟ್ಟಿಯಲ್ಲಿ 11 ಚಾನೆಲ್‌ವರೆಗೆ ಮಾತ್ರ ಕೇಳುತ್ತವೆ. ಇಲ್ಲಿ 13 ಚಾನೆಲ್‌ವರೆಗೆ ಅವಕಾಶವಿದೆ. ಮನೆಯ ರೌಟರ್ 12 ಅಥವಾ 13ಕ್ಕೆ ಹೋಗಿ ಕೂತರೆ, ಉಳಿದವರ ಫೋನಿಗೆಲ್ಲ ಸಿಗ್ನಲ್ ಬಂದು ಆ ಒಂದು ಯಂತ್ರಕ್ಕೆ ಮಾತ್ರ ಮನೆಯಲ್ಲಿ ವೈ-ಫೈಯೇ ಇಲ್ಲ ಅನ್ನಿಸುತ್ತದೆ. ಕಾರ್ಡು ಕೆಟ್ಟಿರುವುದಿಲ್ಲ. ರೌಟರನ್ನು 1, 6 ಅಥವಾ 11ಕ್ಕೆ ಇಳಿಸಿದರೆ ಆಯಿತು.

ಕಿಂಡಿ ನೋಡಿ ಕಾರ್ಡು

ಕನಕನಿಗಾಗಿ ಉಡುಪಿಯ ಗೋಡೆ ಬಿರಿಯಿತಂತೆ. ಕಾರ್ಡಿಗಾಗಿ ಯಾವ ಯಂತ್ರವೂ ಬಿರಿಯುವುದಿಲ್ಲ. ಆದ್ದರಿಂದ ಯಂತ್ರದಲ್ಲಿ ಇರುವ ಕಿಂಡಿ ಯಾವುದು ಎಂದು ನೋಡಿಕೊಂಡೇ ಅಂಗಡಿಗೆ ಹೋಗಬೇಕು.

ಹಳೆಯ ಅಂಗೈ ಯಂತ್ರಗಳಲ್ಲಿ ಮೂರು ಬಗೆಯ ಕಿಂಡಿ ಕಾಣಿಸುತ್ತಿತ್ತು. ಒಂದು ಲ್ಯಾಪ್‌ಟಾಪಿನಿಂದ ಬಂದ ಪಿಸಿ ಕಾರ್ಡ್, ಎಟಿಎಂ ಕಾರ್ಡಿನಷ್ಟೇ ಅಗಲ ಉದ್ದ, ದಪ್ಪ 5 ಮಿಲಿಮೀಟರ್. ಅದರಲ್ಲೇ ಸಣ್ಣದು ಕಾಂಪ್ಯಾಕ್ಟ್‌ಫ್ಲ್ಯಾಷ್, ದೊಡ್ಡ ಅಂಚೆಚೀಟಿಯಷ್ಟು. ಇನ್ನೂ ಸಣ್ಣದು ಎಸ್‌ಡಿ. ಪಿಸಿ ಕಾರ್ಡ್, ಎಸ್‌ಡಿ ಎರಡರಲ್ಲೂ ಒಂದೊಂದು ಮೋಸ ಅಡಗಿತ್ತು.

ಪಿಸಿ ಕಾರ್ಡಿನ ಮೋಸ ದೊಡ್ಡದು. 2003ರಲ್ಲಿ ಸೆಕೆಂಡಿಗೆ 54 ಮೆಗಾಬಿಟ್‌ನ 'ಜಿ' ಬಗೆಯ ವೈ-ಫೈ ಬಂದಾಗ ಅದರ ಕಾರ್ಡುಗಳನ್ನು ಹೆಚ್ಚಾಗಿ ಕಾರ್ಡ್‌ಬಸ್ ಎಂಬ ಹೊಸ ರೀತಿಯಲ್ಲಿ ಮಾಡಿದರು. ನೋಡಲು ಅದೇ ಆಕಾರ, ಅದೇ ಅಳತೆ. ಆದರೆ ಒಳಗೆ 32 ಎಳೆಯ ದಾರಿ, ಅಂಗೈ ಯಂತ್ರಗಳಲ್ಲಿದ್ದದ್ದು 16 ಎಳೆಯದು. ಕಾರ್ಡ್‌ಬಸ್ ಕಾರ್ಡಿನ ತಲೆಯ ಹತ್ತಿರ ಚಿನ್ನದ ಬಣ್ಣದ ಪಟ್ಟಿ, ಅದರ ಮೇಲೆ ಸಣ್ಣ ಸಣ್ಣ ಗುಬುಟುಗಳಿರುತ್ತವೆ. ಹಳೆಯ ಕಿಂಡಿಗೆ ಅದು ಇಳಿಯದಂತೆ ಪಕ್ಕದ ಕಚ್ಚೂ ಬೇರೆ. ಗೊತ್ತಿಲ್ಲದವರು ಒತ್ತಿ ಒತ್ತಿ ಪಿನ್ನು ಬಗ್ಗಿಸಿಕೊಂಡರು. ಹೀಗಾಗಿ ಲ್ಯಾಪ್‌ಟಾಪುಗಳು 54ಕ್ಕೆ ಹಾರಿದ ಮೇಲೂ ಅಂಗೈ ಯಂತ್ರಗಳು ಬಹುಕಾಲ 11 ಮೆಗಾಬಿಟ್‌ನ 'ಬಿ'ಯಲ್ಲೇ ಉಳಿದವು.

ಎಸ್‌ಡಿಯದು ಇನ್ನೊಂದು ಕಥೆ. ಫೋಟೊ ತುಂಬುವ ಕಾರ್ಡು ಹಿಡಿಸುವ ಕಿಂಡಿಯೆಲ್ಲ ವೈ-ಫೈ ಕಾರ್ಡನ್ನು ನಡೆಸಲಾರದು. ಬರೀ ಉಗ್ರಾಣದ ಬಾಗಿಲು ಒಂದು, ಮಾತುಕತೆಯ ಬಾಗಿಲು ಇನ್ನೊಂದು. ಎರಡನೆಯದಕ್ಕೆ ಎಸ್‌ಡಿಐಒ ಎಂದು ಹೆಸರು. ಕೊನೆಯ ಆ 'ಐಒ' ಇಲ್ಲದ ಯಂತ್ರಕ್ಕೆ ಕಾರ್ಡು ಹಾಕಿದರೆ ಅದು ಸುಮ್ಮನೆ ಪ್ಲಾಸ್ಟಿಕ್ ಚೂರು.

ಈಗಿನ ಆಟದ ಕೈಯಂತ್ರಗಳನ್ನು, ಸಣ್ಣ ಲ್ಯಾಪ್‌ಟಾಪುಗಳನ್ನು ಬಿಚ್ಚಿದರೆ ಎಂ.2 ಎಂಬ ಕಿಂಡಿ ಕಾಣಬಹುದು. 2230 ಎಂದು ಕರೆಯುವ ಕಾರ್ಡು 22 ಮಿಲಿಮೀಟರ್ ಅಗಲ, 30 ಉದ್ದ. ಇದೇ ಅಳತೆಯಲ್ಲಿ ಕಡತ ತುಂಬುವ ಎಸ್‌ಎಸ್‌ಡಿಯೂ ಬರುತ್ತದೆ, ಕಚ್ಚು ಬೇರೆ ಕಡೆ ಇರುತ್ತದೆ. ನಂಬರು ಒಂದೇ ಎಂದು ಆನ್‌ಲೈನಿನಲ್ಲಿ ತರಿಸಿ ಪೆಚ್ಚಾದವರು ಇದ್ದಾರೆ. ಎಷ್ಟೋ ಯಂತ್ರಗಳಲ್ಲಿ ಕಿಂಡಿಯೇ ಇರುವುದಿಲ್ಲ, ರೇಡಿಯೊ ಬೆಸೆದಿರುತ್ತದೆ. ಅಂಥವುಗಳಿಗೆ ಯುಎಸ್‌ಬಿ ಡಾಂಗಲ್ ಒಂದೇ ಗತಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಹಿಂದೊಮ್ಮೆ ಹಳೆಯ ಯಂತ್ರವೊಂದಕ್ಕೆ ಕಾರ್ಡು ಹುಡುಕುತ್ತ ಅಲೆದಿದ್ದೆ. ನಾಲ್ಕು ಅಂಗಡಿಯವರು ಕೇಳಿದ ತಕ್ಷಣ ಡಬ್ಬಿ ತೆಗೆದು ಮುಂದಿಟ್ಟರು. ಐದನೆಯ ಅಂಗಡಿಯ ಹಿರಿಯರು ಕನ್ನಡಕ ಮೇಲೆತ್ತಿ, "ಕಾರ್ಡ್ ಇರ್ಲಿ ಸಾರ್, ಮಷೀನ್ ಎಲ್ಲಿ?" ಅಂದರು. ನಾನು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ವೈಟ್‌ಫೀಲ್ಡಿಗೆ ಹೋಗಿ ಮರುದಿನ ಮತ್ತೆ ಬರಬೇಕಾಯಿತು; ಆಗಿನ್ನೂ ಮೆಟ್ರೊ ಇರಲಿಲ್ಲ ಎಂದರೆ ಮಿಕ್ಕದ್ದು ನೀವೇ ಊಹಿಸಿಕೊಳ್ಳಿ.

ಬ್ಯಾಟರಿ ಎಂಬ ಸಣ್ಣ ಕೊಡ

ಲ್ಯಾಪ್‌ಟಾಪಿನದು ಸಂಪು, ಅಂಗೈ ಯಂತ್ರದ್ದು ಸೊಂಟದ ಮೇಲಿನ ಕೊಡ. ಒಂದೇ ನಲ್ಲಿ ಎರಡಕ್ಕೂ ಹಾಕಿದರೆ ಯಾವುದು ಮೊದಲು ಬರಿದಾಗುತ್ತದೆಂದು ಹೇಳಬೇಕಿಲ್ಲ.

ಸಿಂಪ್ಯೂಟರಿನ ಕಾಲದಲ್ಲಿ ಒಳ್ಳೆಯ ಹೆಸರಿದ್ದ ಒರಿನೊಕೊ ಪಿಸಿ ಕಾರ್ಡನ್ನೇ ತೆಗೆದುಕೊಳ್ಳಿ. 5 ವೋಲ್ಟಿನಲ್ಲಿ ಕೂಗುವಾಗ 285 ಮಿಲಿಆಂಪ್, ಕೇಳಿಸಿಕೊಳ್ಳುವಾಗ 185, ತೂಕಡಿಸುವಾಗ 9. ಐಪ್ಯಾಕ್ 3600ರ ಬ್ಯಾಟರಿ 950 ಮಿಲಿಆಂಪ್-ಗಂಟೆಯದು, ಶಕ್ತಿಯ ಲೆಕ್ಕದಲ್ಲಿ ಸುಮಾರು ಮೂರೂವರೆ ವ್ಯಾಟ್-ಗಂಟೆ. ಕಾರ್ಡು ಬರೀ ಕಿವಿಗೊಟ್ಟು ಕೂತರೂ ಹತ್ತಿರ ಹತ್ತಿರ ಒಂದು ವ್ಯಾಟ್ ತಿನ್ನುತ್ತದೆ. ಪರದೆ, ಚಿಪ್ಪು ಏನೂ ತಿನ್ನದೆ ಉಪವಾಸ ಕೂತರೂ ನಾಲ್ಕು ಗಂಟೆಯೊಳಗೆ ಕೊಡ ಖಾಲಿ. ಅದಕ್ಕೇ ಕಾಂಪ್ಯಾಕ್‌ನವರು ಪಿಸಿ ಕಾರ್ಡ್ ಹಾಕಲು ಮಾರುತ್ತಿದ್ದ ಹೊರಕವಚದೊಳಗೆ ಇನ್ನೊಂದು ಬ್ಯಾಟರಿ ಇಟ್ಟಿದ್ದರು. ಯಂತ್ರ ಜೇಬಿನಿಂದ ಹೊರಬಿದ್ದು ಕೈಚೀಲಕ್ಕೆ ಬಂತು.

ಇಲ್ಲಿ ಬೆಲೆ ಬಾಳುವ ಅಂಕಿ 285 ಅಲ್ಲ, 9. ಕಾರ್ಡು ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂಬುದರ ಮೇಲೆ ದಿನದ ಬಾಳಿಕೆ ನಿಂತಿದೆ. ಆ ನಿದ್ದೆಯ ಏರ್ಪಾಟು ಸೊಗಸಾಗಿದೆ. ಬೀದಿ ನಲ್ಲಿಗೆ ನೀರು ಬಿಡುವ ಹೊತ್ತು ಗೊತ್ತಿದ್ದರೆ ಇಡೀ ರಾತ್ರಿ ನಲ್ಲಿಯ ಮುಂದೆ ಕೂರಬೇಕಿಲ್ಲವಲ್ಲ, ಹಾಗೆ. ರೌಟರ್ ಸೆಕೆಂಡಿಗೆ ಸುಮಾರು 10 ಸಲ 'ನಾನಿದ್ದೇನೆ, ಇಂಥಿಂಥವರಿಗೆ ಸಾಮಾನು ಬಂದಿದೆ' ಎಂದು ಸಾರುತ್ತದೆ. ಕಾರ್ಡು ಆ ಕ್ಷಣಕ್ಕೆ ಮಾತ್ರ ಕಣ್ಣು ತೆರೆದು ತನ್ನ ಹೆಸರಿದೆಯೇ ಎಂದು ನೋಡುತ್ತದೆ. ಇದ್ದರೆ ಎದ್ದು ತೆಗೆದುಕೊಳ್ಳುತ್ತದೆ, ಇಲ್ಲವಾದರೆ ಮಗ್ಗುಲಾಗುತ್ತದೆ. ಅಲ್ಲಿಯವರೆಗೆ ಅದರ ಗಂಟನ್ನು ರೌಟರ್ ಕಾದಿಡುತ್ತದೆ.

ಇದು ಕೈಕೊಡುವುದೂ ಉಂಟು. ಅಗ್ಗದ ಡಾಂಗಲ್ಲುಗಳಲ್ಲಿ ಕೆಲವು ನಿದ್ದೆಯನ್ನೇ ಕಲಿತಿರುವುದಿಲ್ಲ. ಕೆಲವು ಕಲಿತದ್ದು ಹೆಚ್ಚಾಗಿ, ಎಬ್ಬಿಸಿದರೂ ಏಳುವುದಿಲ್ಲ. ಡಾಂಗಲ್ಲಿಗೆ ಇನ್ನೊಂದು ತೊಡಕು, ಕಿಂಡಿ ಎಷ್ಟು ಕರೆಂಟು ಕೊಡುತ್ತದೆ ಎಂಬುದು. ಮೇಜಿನ ಕಂಪ್ಯೂಟರಿನ ಯುಎಸ್‌ಬಿ 500 ಮಿಲಿಆಂಪ್ ಕೊಡಬಲ್ಲದು; ಬ್ಯಾಟರಿಯ ಸಣ್ಣ ಯಂತ್ರ 100ಕ್ಕೇ ಕೈ ಎತ್ತಬಹುದು. ಆಗ ಡಾಂಗಲ್ಲಿನ ದೀಪ ಹತ್ತುತ್ತದೆ, ಕೂಗಲು ಬಾಯಿ ತೆರೆದಾಗ ಆರುತ್ತದೆ.

ಒಂದು ಕೂಡು ಗುರುತು

ವೈಟ್‌ಫೀಲ್ಡಿನಲ್ಲಿ ಡ್ರೈವರ್ ಸಿಗುವುದಿಲ್ಲ ಎಂದರೆ ಕ್ಯಾಬಿನ ಮಾತು ಅಂದುಕೊಳ್ಳುತ್ತಾರೆ. ಕಾರ್ಡಿನ ಲೋಕದಲ್ಲಿ ಡ್ರೈವರ್ ಎಂದರೆ ಆ ಕಾರ್ಡನ್ನು ಹೇಗೆ ನಡೆಸಬೇಕೆಂದು ಯಂತ್ರಕ್ಕೆ ಹೇಳಿಕೊಡುವ ಸಣ್ಣ ತಂತ್ರಾಂಶ. ಡಬ್ಬಿಯೊಳಗಿನ ಸಿ.ಡಿ.ಯಲ್ಲಿ ಬರುತ್ತಿದ್ದುದು ಸಾಮಾನ್ಯವಾಗಿ ವಿಂಡೋಸಿನದು. ಸಿಂಪ್ಯೂಟರ್, ಶಾರ್ಪ್ ಕಂಪನಿಯ ಜೌರಸ್‌ನಂಥ ಲಿನಕ್ಸ್ ಯಂತ್ರಗಳಿಗೆ ಊರೂರಿನ ಉತ್ಸಾಹಿಗಳು ಬಿಡುವಿನ ವೇಳೆಯಲ್ಲಿ ಬರೆದದ್ದೇ ಆಧಾರ.

ಅವರು ಬರೆಯುತ್ತಿದ್ದದ್ದು ಕಂಪನಿಯ ಹೆಸರಿಗಲ್ಲ, ಒಳಗಿನ ಚಿಪ್ಪಿಗೆ. ಗೊಂದಲ ಹುಟ್ಟುವುದು ಅಲ್ಲೇ. ಡಿ-ಲಿಂಕ್‌ನ ಡಿಡಬ್ಲ್ಯುಎಲ್-650 ಎಂಬ ಕಾರ್ಡಿನ ಮೊದಲ ಆವೃತ್ತಿಗಳಲ್ಲಿ ಪ್ರಿಸಂ ಎಂಬ ಚಿಪ್ಪಿತ್ತು, ಲಿನಕ್ಸಿನಲ್ಲಿ ಸಲೀಸಾಗಿ ನಡೆಯುತ್ತಿತ್ತು. ಹೆಸರಿನ ಕೊನೆಗೆ ಒಂದು ಕೂಡು ಗುರುತು ಸೇರಿಸಿ 650+ ಎಂದಾಗ ಒಳಗಿದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್ಪು. ಹಳೆಯ ಡ್ರೈವರಿಗೆ ಅದು ಅಪರಿಚಿತ. ಲಿಂಕ್‌ಸಿಸ್‌ನ ಡಬ್ಲ್ಯುಪಿಸಿ11ರ ಮೂರನೆಯ ಆವೃತ್ತಿಯಲ್ಲಿ ಪ್ರಿಸಂ, ನಾಲ್ಕನೆಯದರಲ್ಲಿ ರಿಯಲ್‌ಟೆಕ್. ಕಾರ್ಡಿನ ಹೆಸರು ಬದಲಾಗಿರಲಿಲ್ಲ. ಆವೃತ್ತಿಯ ಸಂಖ್ಯೆ ಕಾರ್ಡಿನ ಬೆನ್ನಿನ ಚೀಟಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿತ್ತು.

ಇದು ಹಳೆಯ ಕಾಲದ ಕಥೆ ಅಂದುಕೊಳ್ಳಬೇಡಿ. ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್201 ಎಂಬ ಕಾರ್ಡುಗಳು ಅಕ್ಕಪಕ್ಕ ಇಟ್ಟರೆ ಅವಳಿಜವಳಿ. 200ರೊಳಗೆ ಪೂರ್ಣ ರೇಡಿಯೊ ಇದೆ, ಎಎಂಡಿ ಚಿಪ್ಪಿನ ಯಂತ್ರದಲ್ಲೂ ನಡೆಯುತ್ತದೆ. 201ರೊಳಗೆ ಅರ್ಧ ರೇಡಿಯೊ ಮಾತ್ರ. ಉಳಿದರ್ಧ ಇಂಟೆಲ್‌ನದೇ ಪ್ರೊಸೆಸರಿನ ಬಳಗದಲ್ಲಿ ಕೂತಿರುತ್ತದೆ. ಸ್ಟೀಮ್ ಡೆಕ್‌ನಂಥ ಎಎಂಡಿ ಚಿಪ್ಪಿನ ಯಂತ್ರಗಳೇ ಹೆಚ್ಚಿರುವ ಆಟದ ಕೈಯಂತ್ರಗಳ ಲೋಕದಲ್ಲಿ 201 ಕೊಂಡವನ ಕೈಗೆ ಸಿಗುವುದು ಚೆಂದದ ಹಸಿರು ಚೂರು. 'ಅದಕ್ಕಿಂತ ಒಂದು ನಂಬರ್ ಜಾಸ್ತಿ, ಹೊಸದು' ಎಂದು ಮಾರುವವರೂ ಇರುತ್ತಾರೆ.

ಹಾಗಾಗಿ ಕೊಳ್ಳುವ ಮುನ್ನ ನಿಮ್ಮ ಯಂತ್ರದ ಕಾರ್ಯವ್ಯವಸ್ಥೆ ಯಾವ ಚಿಪ್ಪುಗಳನ್ನು ಬಲ್ಲದು ಎಂದು ನೋಡಿ, ಆಮೇಲೆ ಆ ಚಿಪ್ಪಿರುವ ಕಾರ್ಡು ಹುಡುಕಿ. ಗೋತ್ರ ಕೇಳಿ ಆಮೇಲೆ ಹುಡುಗನನ್ನು ನೋಡುವ ಕಾಲ ಇದಲ್ಲದಿರಬಹುದು, ಆದರೆ ಕಾರ್ಡಿನ ವಿಷಯದಲ್ಲಿ ಗೋತ್ರವೇ ಮೊದಲು.

ವೇಗದ ಮಾತು

ಡಬ್ಬಿಯ ಮೇಲಿನ ವೇಗ ಹೆದ್ದಾರಿಯ ಬೋರ್ಡಿನ ಮೇಲಿನ ವೇಗದಂತೆ. ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ಸಿಗುವ ವೇಗ ಬೇರೆ. 11 ಎಂದು ಬರೆದ 'ಬಿ' ಕಾರ್ಡಿನಲ್ಲಿ ನಿಜಕ್ಕೂ ಸಿಗುತ್ತಿದ್ದದ್ದು ಐದಾರು ಮೆಗಾಬಿಟ್. ಹಳೆಯ ಅಂಗೈ ಯಂತ್ರದ ಚಿಪ್ಪು ಅಷ್ಟನ್ನೂ ನುಂಗಲಾಗದೆ ಏದುಸಿರು ಬಿಡುತ್ತಿತ್ತು. ಪಹಣಿಯೊಂದನ್ನು ತೋರಿಸಲು, ಬಾರ್‌ಕೋಡೊಂದನ್ನು ಕಳಿಸಲು ಅದರ ನೂರನೇ ಒಂದು ಪಾಲೂ ಬೇಕಿಲ್ಲ.

ವೇಗಕ್ಕಿಂತ ಯಾವ ಪಟ್ಟಿ ಎಂಬುದು ಮುಖ್ಯ. 2.4ರ ಅಲೆ ಗೋಡೆ ದಾಟುತ್ತದೆ, ದೂರ ಹೋಗುತ್ತದೆ. ಆದರೆ ಅಲ್ಲಿ ಸಂತೆ. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ. ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಮನೆಗೊಂದು ರೌಟರ್, ಜೊತೆಗೆ ಬ್ಲೂಟೂತ್, ಅದೇ ಪಟ್ಟಿಯಲ್ಲಿ ಸೋರುವ ಮೈಕ್ರೊವೇವ್ ಒಲೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ಆದರೆ ಎರಡು ಕಾಂಕ್ರೀಟ್ ಗೋಡೆಗೇ ಸುಸ್ತು. ಹೊಸದಾಗಿ ಕೊಳ್ಳುವವರು ಎರಡೂ ಪಟ್ಟಿ ಬಲ್ಲ ಕಾರ್ಡನ್ನೇ ಕೊಳ್ಳುವುದು ವಾಸಿ. ಕೈಯಾರೆ ಯಂತ್ರ ಜೋಡಿಸುವ ಕಾಲೇಜು ಹುಡುಗರಿಗೆ ಪ್ರಿಯವಾದ ರಾಸ್ಪ್‌ಬೆರಿ ಪೈ ಜೀರೊ 2 ಡಬ್ಲ್ಯು ಬರೀ 2.4 ಬಲ್ಲದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಹಳೆಯ ಬೀಗ, ಹೊಸ ಬಾಗಿಲು

ಅಟ್ಟದಿಂದ ಹಳೆಯ ಅಂಗೈ ಯಂತ್ರ ಇಳಿಸಿ, ಕಾರ್ಡು ಹಾಕಿ, ಮನೆಯ ವೈ-ಫೈಗೆ ಸೇರಿಸಲು ಹೊರಟವರಿಗೆ ಕೊನೆಯ ತಡೆ ಬೀಗದ್ದು. ಮೊದಲ ಕಾರ್ಡುಗಳಿಗೆ ಗೊತ್ತಿದ್ದ ಗುಪ್ತಲಿಪಿ ಡಬ್ಲ್ಯುಇಪಿ. 2001ರಲ್ಲೇ ಅದನ್ನು ಒಡೆಯುವ ದಾರಿ ಬಯಲಾಯಿತು. 2003ರಲ್ಲಿ ಡಬ್ಲ್ಯುಪಿಎ, ಮರುವರ್ಷ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು. ಇಂದಿನ ರೌಟರುಗಳಲ್ಲಿ ಎಷ್ಟೋ ಡಬ್ಲ್ಯುಇಪಿಯನ್ನು ಮಾತಾಡಿಸುವುದೇ ಇಲ್ಲ. ಹಳೆಯ ಕಾರ್ಡಿಗಾಗಿ ಮನೆಯ ಬೀಗವನ್ನೇ ಹಳೆಯದಕ್ಕೆ ಇಳಿಸುವವರಿದ್ದಾರೆ. ಅಜ್ಜನ ಕಾಲದ ಬೀಗದ ಕೈ ಉಪಯೋಗಕ್ಕೆ ಬರಲಿ ಎಂದು ಮುಂಬಾಗಿಲು ಬದಲಿಸಿದ ಹಾಗಾಯಿತು. ಅಷ್ಟು ಪ್ರೀತಿಯಿದ್ದರೆ ಹಳೆಯ ರೌಟರೊಂದನ್ನು ಬೇರೆಯೇ ಇಟ್ಟು, ಮನೆಯ ಜಾಲಕ್ಕೆ ತಾಗಿಸದೆ ಆಟವಾಡಿ. ಬ್ಯಾಂಕಿನ ಕೆಲಸ ಅದರಲ್ಲಿ ಬೇಡ.

ಗೋಡೌನಿಗೆ ಮತ್ತೆ

ಗೋಡೌನಿನ ಹುಡುಗನ ಯಂತ್ರದ ಬೀಗವೂ ಹೊಸದು, ವೇಗವೂ ಸಾಕಷ್ಟು. ಚಾವಣಿಯಲ್ಲಿ ಸಾಲಾಗಿ ವೈ-ಫೈ ಪೆಟ್ಟಿಗೆಗಳು ತೂಗುತ್ತಿವೆ. ಆದರೂ ಚಕ್ರ ಸುತ್ತುತ್ತದೆ. ತಗಡು ಅಲೆಯನ್ನು ಹಿಂದಕ್ಕೆ ಒಗೆಯುತ್ತದೆ, ಪಕ್ಕದ ರ‍್ಯಾಕಿನ ನೀರಿನ ಬಾಟಲಿಗಳು ಅಲೆಯನ್ನು ಕುಡಿಯುತ್ತವೆ ಎಂಬುದು ನಿಜ. ಆದರೆ ದೊಡ್ಡ ಕಾರಣ ಬೇರೆ.

ಒಂದು ಪೆಟ್ಟಿಗೆಯ ಮಡಿಲಿನಿಂದ ಇನ್ನೊಂದರ ಮಡಿಲಿಗೆ ಯಾವಾಗ ಹೋಗಬೇಕೆಂದು ಕೊನೆಯಲ್ಲಿ ತೀರ್ಮಾನಿಸುವುದು ಚಾವಣಿಯ ಪೆಟ್ಟಿಗೆಯಲ್ಲ, ಕೈಯಲ್ಲಿರುವ ಯಂತ್ರದೊಳಗಿನ ಕಾರ್ಡು. ಪೆಟ್ಟಿಗೆ ಹೆಚ್ಚೆಂದರೆ ಸಲಹೆ ಕೊಡಬಹುದು. ಕೆಲವು ಕಾರ್ಡುಗಳು ಚುರುಕು, ಸಿಗ್ನಲ್ ತುಸು ಇಳಿಯುತ್ತಲೇ ಹತ್ತಿರದವರನ್ನು ಹುಡುಕುತ್ತವೆ. ಕೆಲವಕ್ಕೆ ವಿಪರೀತ ನಿಷ್ಠೆ. ಬೆಳಿಗ್ಗೆ ಬಾಗಿಲ ಬಳಿ ಹಿಡಿದ ಪೆಟ್ಟಿಗೆಯನ್ನು ಹನ್ನೆರಡನೇ ಓಣಿಗೆ ಬಂದ ಮೇಲೂ ಬಿಡುವುದಿಲ್ಲ. ನೆತ್ತಿಯ ಮೇಲೆ ಇನ್ನೊಂದು ಪೆಟ್ಟಿಗೆ ಕೂಗುತ್ತಿದ್ದರೂ ಕಿವಿಗೊಡುವುದಿಲ್ಲ. ಆದ್ದರಿಂದ ಇಂಥ ಕಡೆಗೆ ಯಂತ್ರ ಕೊಳ್ಳುವ ಅಧಿಕಾರಿ ಕೇಳಬೇಕಾದದ್ದು 'ಎಷ್ಟು ಮೆಗಾಬಿಟ್' ಎಂದಲ್ಲ, 'ನಡೆಯುತ್ತ ನಡೆಯುತ್ತ ಎಷ್ಟು ಬೇಗ ಕೈ ಬದಲಿಸುತ್ತದೆ' ಎಂದು. ಅದಕ್ಕೆಂದೇ 802.11 ಆರ್, ಕೆ, ವಿ ಎಂಬ ಮೂರು ಏರ್ಪಾಟುಗಳಿವೆ. ಕಾರ್ಡಿನ ವಿವರಪಟ್ಟಿಯಲ್ಲಿ ಅವುಗಳ ಹೆಸರಿದೆಯೇ ಎಂದು ನೋಡಿ, ನಾಲ್ಕು ಯಂತ್ರ ತರಿಸಿ, ಹುಡುಗರ ಕೈಗೆ ಕೊಟ್ಟು ಒಂದು ಪಾಳಿ ಓಡಾಡಿಸಿ ಆಮೇಲೆ ನಾನೂರಕ್ಕೆ ಆರ್ಡರ್ ಕೊಡುವುದು ಕ್ಷೇಮ.

ಆರ್ಡರ್ ಕೊಟ್ಟಾಗಿಬಿಟ್ಟಿದ್ದರೆ? ಹುಡುಗರು ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ಕಂಬದ ಹತ್ತಿರ ಬಂದ ಹುಡುಗ ಪರದೆಯನ್ನು ಮೇಲಿನಿಂದ ಕೆಳಗೆಳೆದು ವಿಮಾನದ ಗುರುತು ಒತ್ತಿದ. ಮನಸ್ಸಿನಲ್ಲೇ ಮೂರು ಎಣಿಸಿದ. ಮತ್ತೆ ಒತ್ತಿದ. ಹಳೆಯ ನಂಟು ಕಡಿದುಹೋದ ಕಾರ್ಡು ಅನಿವಾರ್ಯವಾಗಿ ಸುತ್ತ ಕಣ್ಣಾಡಿಸಿ, ತಲೆಯ ಮೇಲಿನ ಪೆಟ್ಟಿಗೆಯನ್ನು ಹಿಡಿಯಿತು. ಚಕ್ರ ನಿಂತಿತು. ಸೋಪಿನ ಪೆಟ್ಟಿಗೆಗೆ ಕೆಂಪು ಗೆರೆ ಬಿತ್ತು, ಬೀಪ್ ಅಂದಿತು.